ಹೂಂ ಅನ್ನದ ಪುತಳಾ

ತೊಂಬತ್ತರ ಆಸುಪಾಸಿನಲ್ಲಿ ಕಮಲಾಪುರದಿಂದ ಕಲಬುರಗಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗುತ್ತಿದ್ದ ಹುಡುಗಿಯರ ಪೈಕಿ ಯಾವುದಕ್ಕೂ ಹೂಂ ಅನ್ನದವಳೆಂದರೆ ಪುತಳಾಬಾಯಿ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಬಟ್ಟೆ ಅಂಗಡಿಯಲ್ಲಿ ಎಲ್ಲರೂ ಗುಲಾಬಿ ದುಪಟ್ಟಾ ಆರಿಸಿದರೆ ಇವಳಿಗೆ ಹಸಿರೇ ಆಗಬೇಕು. ಎಲ್ಲರೂ ಸಿನಿಮಾಕ್ಕೆ ಹೊರಟರೆ, "ನಾ ಬರಂಗಿಲ್ಲ, ನೀವು ಹೋಗ್ರಿ" ಎಂದು, ಅವರು ಬರುವ ತನಕ ಬಸ್ ನಿಲ್ದಾಣದಲ್ಲೇ ಕಾಯುವಳು. ಜೀವದ ಗೆಳತಿ ಇಂದೂಗೆ ಪುಣೆಯ ವರ ಗೊತ್ತಾದಾಗ ಉಳಿದವರೆಲ್ಲ ಕುಣಿದರು. ಇವಳೊಬ್ಬಳೇ, "ಪರೀಕ್ಷಾ ಮುಗಿಸಿ ಮದಿವಿ ಆಗು" ಅಂದಳು. ಸಿಟ್ಟಾಗಿ ಇಂದೂ ಮಾತು ಬಿಟ್ಟಳು. ಆದರೂ ಅರಿಶಿನದ ದಿನ ಅವಳ ಮನೆಗೆ ಎಲ್ಲರಿಗಿಂತ ಮೊದಲು ಹೋದವಳು ಪುತಳಾಳೇ. "ಈಗರೆ ಛಲೋ ಆತು ಅನ್ನು" ಎಂದು ಇಂದೂ ಕೈ ಹಿಡಿದಳು. "ಅನ್ನಂಗಿಲ್ಲ" ಎಂದಳು ಪುತಳಾ, ಹಿಡಿದ ಕೈ ಬಿಡದೆ. "ನೀ ಹೋದಮ್ಯಾಲ ನಾ ಯಾರ ಕೂಡ ಜಗಳಾಡ್ಲಿ?"