ದಿನಕ್ಕೊಂದು ತಪ್ಪು ಓದಿದವರು

ಬೆಳಗಿನ ಐದೂವರೆ. ಹುಣಸೂರಿನ ಹಳೆಯ ಬೀದಿಯೊಂದರ ಹೆಂಚಿನ ಮನೆಯಲ್ಲಿ ಕೆಂಪಾಜಮ್ಮ ಎಂಬತ್ತೊಂದು ವರ್ಷದ ಶಾಂತಿಮಣಿ ಟೀಚರನ್ನು ಮಗ್ಗುಲು ಬದಲಿಸಿ ಮಲಗಿಸುತ್ತಿದ್ದಾರೆ. ಒಂದು ಕೈ ಹೆಗಲ ಕೆಳಗೆ, ಇನ್ನೊಂದು ಸೊಂಟದ ಕೆಳಗೆ. ಬೆನ್ನು ಒರೆಸಿ, ಪೌಡರ್ ಹಾಕಿ, ಬಟ್ಟೆ ಬದಲಿಸಿ, ತಲೆ ಬಾಚುತ್ತಾರೆ. ಆಮೇಲೆ ಕೈ ತೊಳೆದು, ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು, ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ಬೈಬಲ್ ಬಿಚ್ಚುತ್ತಾರೆ. ಅವರ ಹಣೆಯ ಮೇಲೆ ಮಾದಪ್ಪನ ವಿಭೂತಿ ಇದೆ.

ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು, ಮಗ್ಗಿ ಹೇಳುವ ಮಕ್ಕಳ ರಾಗದಲ್ಲಿ ಓದುತ್ತಾರೆ. ದಿನಕ್ಕೆ ಒಂದು ಅಧ್ಯಾಯ. ಇಡೀ ಪುಸ್ತಕದಲ್ಲಿ ಒಟ್ಟು ಸಾವಿರದ ನೂರಾ ಎಂಬತ್ತೊಂಬತ್ತು ಅಧ್ಯಾಯಗಳು. ಭಾನುವಾರ ರಜೆ. ಒಂಬತ್ತು ವರ್ಷದಲ್ಲಿ ಎರಡು ಸುತ್ತು ಮುಗಿದು ಈಗ ಮೂರನೆಯದು ನಡೆಯುತ್ತಿದೆ. ನಮ್ಮಲ್ಲಿ ಬಹಳ ಜನರ ಮನೆಯ ಧರ್ಮಗ್ರಂಥ ಬಟ್ಟೆಯಲ್ಲಿ ಸುತ್ತಿಕೊಂಡು ಭದ್ರವಾಗಿರುತ್ತದೆ, ಓದಿದರೆ ಎಲ್ಲಿ ಸವೆದುಬಿಡುತ್ತದೋ ಎಂಬಂತೆ. ನನ್ನ ಮನೆಯದ್ದೂ ಹಾಗೆಯೇ. ಆದ್ದರಿಂದ ಮೂರನೇ ಕ್ಲಾಸು ಓದಿದ ಈ ಹೆಂಗಸಿನ ಬಗ್ಗೆ ಬರೆಯಲು ಬಂದ ನನಗೆ ಅವರ ಮುಂದೆ ಕೂರಲು ಸ್ವಲ್ಪ ನಾಚಿಕೆಯೇ ಆಗುತ್ತದೆ.

ಕೆಂಪಾಜಮ್ಮನಿಗೆ ಐವತ್ತೆಂಟು ವರ್ಷ. ಪಿರಿಯಾಪಟ್ಟಣದ ಕಡೆಯ ಹಳ್ಳಿಯವರು. ಗಂಡ ತೀರಿಕೊಂಡ ಮೇಲೆ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್‌ಗಳಲ್ಲಿ ಸೊಪ್ಪು ಕಟ್ಟುತ್ತಿದ್ದರು. ಎದೆ ಕಟ್ಟಿ ಉಸಿರಾಡುವುದೇ ಕಷ್ಟವಾದಾಗ ಅದನ್ನು ಬಿಟ್ಟು ಟೀಚರ ಮನೆಗೆಲಸಕ್ಕೆ ಸೇರಿದರು. ಮದುವೆಯಾಗದೆ ಮೂವತ್ತೈದು ವರ್ಷ ಪಾಠ ಹೇಳಿದ್ದ ಟೀಚರಿಗೆ ಅಷ್ಟರಲ್ಲಿ ಕಣ್ಣು ಮಂಜಾಗಿತ್ತು.

"'ಓದಕ್ಕೆ ಬತ್ತದಾ' ಅಂದ್ರು. 'ಮೂರ್ನೇ ಕ್ಲಾಸು ಕಣಮ್ಮಾ' ಅಂದೆ. 'ಸಾಕು, ಕೂತ್ಕೊ' ಅಂದ್ರು," ಎಂದು ನೆನೆಯುತ್ತಾರೆ ಕೆಂಪಾಜಮ್ಮ. "ಮೊದ್ಲುನೇ ಪಾಠಕ್ಕೆ ಒಂದು ಗಂಟೆ ಇಡೀತು ಸಾ. ಬೆವ್ತೋದೆ."

ಆಗ ಅವರಿಗೆ ಅದು ಪಾತ್ರೆ ತೊಳೆದಂತೆ ಇನ್ನೊಂದು ಕೆಲಸ, ಅಷ್ಟೇ. ಅದರಲ್ಲೂ ಹೆಸರುಗಳ ಪಟ್ಟಿ ಬಂದರೆ ನಿದ್ದೆ ತೂಗುತ್ತಿತ್ತು. "ಇಂಥೋನ ಮಗ ಇಂಥೋನು, ಅವನ ಮಗ ಇನ್ನೊಬ್ಬ. ರೇಷನ್ ಅಂಗ್ಡೀಲಿ ಎಸ್ರು ಕೂಗ್ದಂಗೆ. ಬುಟ್ಬುಡ್ಲಾ ಅಂತ ಕೇಳಿದ್ರೆ, 'ಅವರಿಗೂ ಒಬ್ಬಳು ತಾಯಿ ಇದ್ಲು, ಓದು' ಅನ್ನೋರು."

ಓದು ಶುರುವಾದ ಒಂಬತ್ತನೇ ತಿಂಗಳು ಒಂದು ಕಥೆ ಬಂತು. ಗಂಡ ಸತ್ತ ಸೊಸೆಯೊಬ್ಬಳು ಅತ್ತೆಯನ್ನು ಸಾಕಲು ಕಂಡವರ ಹೊಲದಲ್ಲಿ ಹಕ್ಕಲು ಆಯುತ್ತಾಳೆ. ಕೆಂಪಾಜಮ್ಮ ಓದು ನಿಲ್ಲಿಸಿ, ತಾನೂ ಗೌಡರ ಹೊಲದಲ್ಲಿ ಕುಯ್ಲು ಮುಗಿದ ಮೇಲೆ ರಾಗಿ ತೆನೆ ಆಯ್ದು ಮಡಿಲು ತುಂಬಿಕೊಂಡು ಬಂದದ್ದನ್ನು ಹೇಳಿದರಂತೆ. ಟೀಚರ್ ಅವರ ಕೈ ಹಿಡಿದುಕೊಂಡು, "ಇವತ್ತು ನೀನು ಓದಿದೆ ಕೆಂಪಾಜಿ. ಇಷ್ಟು ದಿನ ಅಕ್ಷರ ಕೂಡಿಸ್ತಿದ್ದೆ" ಎಂದರಂತೆ. ಅಂದಿನಿಂದ ನಾಳಿನ ಪಾಠ ಏನಿರಬಹುದು ಎಂಬ ಕುತೂಹಲ ಹುಟ್ಟಿತು.

ಇದಕ್ಕೆ ಊರಿನಲ್ಲಿ ದಂಡ ತೆತ್ತದ್ದೂ ಆಯಿತು. ಕೆಂಪಾಜಮ್ಮ 'ಆ ಕಡೆ' ಸೇರಿಕೊಂಡಳು ಎಂದು ಸುದ್ದಿ ಹಬ್ಬಿತು. ಮೈದುನ ಮನೆದೇವರ ಹಬ್ಬಕ್ಕೆ ಕರೆಯುವುದನ್ನೇ ಬಿಟ್ಟಿದ್ದಾನೆ. "ಕೆಲ್ಸದ ಮನೇಲಿ ಅವ್ರ ದೇವ್ರ ದೀಪದ ಕಂಬ ತಿಕ್ಕಲ್ವಾ? ಇದೂ ಅಂಗೇಯಾ ಅಂದೆ. ಯಾರೂ ಕೇಳ್ಲಿಲ್ಲ," ಎನ್ನುತ್ತಾರೆ.

ಮೂರು ವರ್ಷದ ಹಿಂದೆ ಟೀಚರಿಗೆ ಲಕ್ವ ಹೊಡೆಯಿತು. ಬಲಭಾಗ ಹೋಯಿತು, ಮಾತು ಹೋಯಿತು. ಕೆಂಪಾಜಮ್ಮ ಓದುತ್ತಲೇ ಇದ್ದರು, ಮೂರು ವಾರ ಗೋಡೆಗೆ ಓದಿದಂತೆ. ಒಂದು ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಒಂದು ಸಾಲು ಹಾರಿಸಿದರು. ಟೀಚರ ಎಡಗೈಯ ತೋರುಬೆರಳು ಮೇಲೆದ್ದಿತು, ಕ್ಲಾಸಿನಲ್ಲಿ ಮಕ್ಕಳನ್ನು ನಿಲ್ಲಿಸುತ್ತಿದ್ದಂತೆ. ಸಾಲನ್ನು ಮತ್ತೆ ಓದಿದ ಮೇಲೆ ಬೆರಳು ಇಳಿಯಿತು. "ಅತ್ತುಬುಟ್ಟೆ ಸಾ. ಒಳಗವ್ರೆ, ಕೇಳಿಸ್ಕತಾವ್ರೆ ಅಂತ."

ಆವತ್ತಿನಿಂದ ಕೆಂಪಾಜಮ್ಮ ಬೇಕೆಂದೇ ದಿನಕ್ಕೊಂದು ತಪ್ಪು ಓದತೊಡಗಿದರು. ಐದು ರೊಟ್ಟಿ ಎರಡು ಮೀನಿನ ಕಥೆಯಲ್ಲಿ ಮೂರು ಮೀನು ಎಂದರು, ಬೆರಳು ಎದ್ದಿತು. ಜಲಪ್ರಳಯದ ನಲವತ್ತು ದಿನದ ಮಳೆಯನ್ನು ಮೂವತ್ತು ಮಾಡಿದರು, ಎದ್ದಿತು. ಎಲ್ಲಿ ತಪ್ಪಬೇಕೆಂದು ಹುಡುಕಲು ಹಿಂದಿನ ಸಂಜೆಯೇ ಪಾಠವನ್ನು ಮನಸ್ಸಿನಲ್ಲಿ ಓದಿಕೊಳ್ಳುವುದು ಅಭ್ಯಾಸವಾಯಿತು. ಹಾಗಾಗಿ ಪ್ರತಿ ಅಧ್ಯಾಯಕ್ಕೂ ಎರಡು ಓದು. ಇಷ್ಟು ಶ್ರದ್ಧೆಯಿಂದ ಸರಿ ಓದುವವರೇ ಕಡಿಮೆ, ತಪ್ಪು ಓದುವವರ ಮಾತು ಹಾಗಿರಲಿ.

ಟೀಚರ ತಮ್ಮನ ಮಗಳು ಪವಿತ್ರ ಅದೇ ಮನೆಯಲ್ಲಿದ್ದು ಕೆಲಸಕ್ಕೆ ಹೋಗಿಬರುತ್ತಾರೆ. ಒಳ್ಳೆಯ ಮನಸ್ಸಿನವರು. ಕೆಂಪಾಜಮ್ಮನಿಗೆ ದಣಿವಾಗುತ್ತದೆಂದು ಹೋದ ವರ್ಷ ಮೊಬೈಲೇ ಬೈಬಲನ್ನು ಗಟ್ಟಿಯಾಗಿ ಓದಿ ಹೇಳುವ ವ್ಯವಸ್ಥೆ ಮಾಡಿದರು. ಮೊಬೈಲ್ ತಪ್ಪೇ ಮಾಡಲಿಲ್ಲ. ಮೂರನೇ ದಿನ ಟೀಚರ್ ಮುಖವನ್ನು ಗೋಡೆಯತ್ತ ತಿರುಗಿಸಿಕೊಂಡರು. "ನಾವೇ ಸೋತೆವು, ಅತ್ತೆಗೆ ಕೆಂಪಾಜಮ್ಮನೇ ಬೇಕಿತ್ತು," ಎನ್ನುತ್ತಾರೆ ಪವಿತ್ರ.

ಬೆರಳು ಕೊನೆಯ ಸಲ ಎದ್ದು ಐದು ತಿಂಗಳಾಯಿತು. ಒಂದು ಮಗುವಿಗಾಗಿ ಇಬ್ಬರು ಹೆಂಗಸರು ರಾಜನ ಮುಂದೆ ಜಗಳವಾಡುವ ಕಥೆ ಅದು. ಮೂವರು ಎಂದು ಓದಿದ್ದರು. ಮಾರನೆಯ ದಿನದ ತಪ್ಪಿಗೆ ಬೆರಳು ಏಳಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಕಿವಿ ಕೇಳುತ್ತಿದೆಯೋ ಇಲ್ಲವೋ ಹೇಳಲಾಗದು ಎಂದು ಡಾಕ್ಟರು ಕೈಚೆಲ್ಲಿದ್ದಾರೆ.

ಈಗ ಓದುತ್ತಿರುವುದು ಯೋಬನ ಪುಸ್ತಕ. ಮಕ್ಕಳು, ದನಕರು, ಆರೋಗ್ಯ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತವನ ಕಥೆ. "ಅವನ ಸ್ನೇಯ್ತರು ಮೊದ್ಲು ಏಳು ದಿನ ಸುಮ್ಕೆ ಕೂತಿದ್ರು. ಅದೇ ಸರಿಯಾಗಿತ್ತು ಕಣ್ರೀ. ಬಾಯಿ ಬುಟ್ಟ ಮೇಲೆ ಕೆಟ್ರು," ಎನ್ನುತ್ತಾರೆ. ನಾನು ಬಾಯಿ ಮುಚ್ಚಿಕೊಂಡು ಕೂರುತ್ತೇನೆ.

ಓದು ಮುಂದುವರಿಯುತ್ತದೆ. ಹೊದಿಕೆಯ ಬಳಿ ಏನೋ ಕದಲಿದಂತಾಗಿ ನಾನು ಎದ್ದು ನಿಲ್ಲುತ್ತೇನೆ. ಕೆಂಪಾಜಮ್ಮ ತಲೆಯೆತ್ತುವುದಿಲ್ಲ. "ಫ್ಯಾನ್ ಗಾಳಿ ಸಾ. ನಂಗೂ ಮೊದ್ಮೊದ್ಲು ಅಂಗೇ ಆಯ್ತಿತ್ತು," ಎಂದು ಹೇಳಿ ಮುಂದಿನ ಸಾಲಿಗೆ ಬೆರಳಿಡುತ್ತಾರೆ.

ಅಧ್ಯಾಯ ಮುಗಿದ ಮೇಲೆ, ಇವತ್ತು ಎಲ್ಲಿ ತಪ್ಪು ಓದಿದಿರಿ ಎಂದು ಕೇಳುತ್ತೇನೆ. ಎಲ್ಲಿಯೂ ಇಲ್ಲ, ತಪ್ಪು ಓದುವುದನ್ನು ನಿಲ್ಲಿಸಿ ಒಂದು ತಿಂಗಳಾಯಿತು ಎನ್ನುತ್ತಾರೆ. ಆಸೆ ಬಿಟ್ಟಿರಾ ಎಂದರೆ ಟೀಚರ ಎಡಗೈಯನ್ನು ಎತ್ತಿ ಹೊದಿಕೆಯ ಮೇಲೆ ನೆಟ್ಟಗೆ ಇಡುತ್ತಾರೆ.

"ಅದಲ್ಲ ಸಾ. ಅವ್ರಿಗೆ ಕೇಳಿಸ್ತಾನೇ ಇದ್ರೆ? ತಪ್ಪು ಗೊತ್ತಾಗಿ, ಬೆರಳೆತ್ತಕ್ಕಾಗ್ದೆ ಒಳಗೇ ಒದ್ದಾಡ್ತಿದ್ರೆ? ಅದ್ಕೇ ಈಗ ಒಂದಕ್ಸರಾನೂ ತಪ್ಪಲ್ಲ ನಾನು."