ನೀಲಮ್ಮನಿಗೆ ಓದದ ಪುಟ

ಆ ಪುಟದಲ್ಲಿ ಅವಳ ತಾಯಿಯ ಹೆಸರಿತ್ತು. ನಾನು ಇಲ್ಲವೆಂದೆ. ಸುಳ್ಳು ಹೇಳಬಾರದೆಂದು ಬೆತ್ತ ಹಿಡಿದು ಮಕ್ಕಳಿಗೆ ಕಲಿಸಿದ ಮೇಷ್ಟ್ರಮ್ಮ ನಾನು—ಓದು ಬಾರದ ಮುದುಕಿಯ ಎದುರು ತೆರೆದ ಪುಸ್ತಕ ಹಿಡಿದುಕೊಂಡೇ ಸುಳ್ಳು ಹೇಳಿದೆ.

ನೀಲಮ್ಮ ಕಮಲಾಪುರದವಳು. ಸೋಮವಾರ ಕಲಬುರಗಿಯ ಶರಣಬಸವೇಶ್ವರನ ಗುಡಿಗೆಂದು ಬಸ್ಸು ಹತ್ತಿ ಬರುವಳು. ದರ್ಶನ ಮುಗಿದ ಮೇಲೆ ಗಾಜಿಪುರದ ನಮ್ಮ ಮನೆಗೆ ಚಹಾಕ್ಕೆ. ನಂಟು ಹಳೆಯದು. ಅವಳ ತಾಯಿ ಸಂಗವ್ವ ಕಮಲಾಪುರದ ಸಮೀಪ ಒಬ್ಬ ಜಹಗೀರದಾರರ ವಾಡೆಯಲ್ಲಿ ಕೆಲಸಕ್ಕಿದ್ದಳು. ನನ್ನ ಮುತ್ಯಾ, ಅಂದರೆ ಅಜ್ಜ, ಅದೇ ವಾಡೆಯ ಕಾರಭಾರಿ. ಆಡಳಿತವೆಲ್ಲ ಅವರ ಕೈಯಲ್ಲಿ. ಇಂದಿಗೂ ಓಣಿಯಲ್ಲಿ ನಮ್ಮದು ಕಾರಭಾರಿಯವರ ಮನೆ. ಹಾಗೆ ಅನ್ನಿಸಿಕೊಳ್ಳುವುದು ನನಗೆ ಬಲು ಹಿತವಾಗಿತ್ತು—ಮುಚ್ಚಿಡುವುದೇನು ಈಗ.

ನೀಲಮ್ಮ ಕುರ್ಚಿಯ ಮೇಲೆ ಕೂಡುತ್ತಿರಲಿಲ್ಲ. ನಾನು ಒಳಗೆ ಹೋದರೆ ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವಳು, ಪಡಸಾಲೆಯಲ್ಲಿ ಒಬ್ಬಳೇ ಇರುತ್ತಿರಲಿಲ್ಲ. ಹೊರಡುವಾಗ ಹೊಸ್ತಿಲು ದಾಟಿ, ನನ್ನ ಕಡೆ ತಿರುಗಿ, ಸೆರಗು ಬಿಡಿಸಿ ಕೊಡವುವಳು.

“ಏನ್ ಆಯಿ, ನಮ್ಮನಿ ಧೂಳಾ ನಮಗ ಬಿಟ್ಟು ಹೊಂಟಿಯೇನು?” ಎಂದು ಒಮ್ಮೆ ಚೇಷ್ಟೆ ಮಾಡಿದೆ.

ಅವಳು ನಗಲಿಲ್ಲ. ಅವಳು ಚಿಕ್ಕವಳಿದ್ದಾಗ ವಾಡೆಯಲ್ಲಿ ಜಹಗೀರದಾರರ ಹೆಂಡತಿ ಬಾಯಿಸಾಹೇಬರ ತವರಿನ ಮುತ್ತಿನ ಸರ ಕಳೆದಿತ್ತಂತೆ. ಎಲ್ಲರೆದುರು ಸಂಗವ್ವನ ಸೆರಗು ಝಾಡಿಸಿ ನೋಡಿದರು. ಏನೂ ಸಿಗಲಿಲ್ಲ, ಆದರೂ ಹೊರಗೆ ಹಾಕಿದರು. ಅಂದಿನಿಂದ ಊರಿಗೆ ಅವಳು ಮುತ್ತು ಕದ್ದವಳು, ನೀಲಮ್ಮ ಕಳ್ಳಿಯ ಮಗಳು.

“ಬ್ಯಾರೆಯವ್ರು ಝಾಡಿಸೂಕಿಂತ ನಾವ ಝಾಡಿಸಿ ಹೋಗೋದು ಚೊಲೋ ಅಂತ ನಮ್ಮವ್ವ ಹೇಳ್ಯಾಳ್ರೀ, ಅಕ್ಕೋರ.”

ಕೆಲವು ವರ್ಷಗಳ ಹಿಂದೆ ಆ ಜಹಗೀರದಾರ ದಂಪತಿಗಳ ಜೀವನಚರಿತ್ರೆ ಪುಸ್ತಕವಾಗಿ ಬಂತು. ಬರೆದವರು ಅವರ ಮೊಮ್ಮಗ. ಜಹಗೀರದಾರರು ನಿಜಾಮರ ದರ್ಬಾರಿಗೆ ಹೋಗುತ್ತಿದ್ದುದು, ಸಣ್ಣ ಸಂಸ್ಥಾನದ ಅರಸುಮಗಳಾಗಿದ್ದ ಬಾಯಿಸಾಹೇಬರು ಮದುವೆಯಾಗಿ ವಾಡೆಗೆ ಬಂದದ್ದು—ಎಲ್ಲ ಇತ್ತು. ಸುದ್ದಿ ಕೇಳಿ ನೀಲಮ್ಮ ಓದಿ ಹೇಳೆಂದು ಗಂಟುಬಿದ್ದಳು. ಸೋಮವಾರಕ್ಕಿಷ್ಟು ಎಂದು ಓದತೊಡಗಿದೆ. ಫೋಟೋದ ಮೇಲೆ ಬೆರಳಿಟ್ಟು, “ಹೌದ್ರೀ, ಇದಾ ಮೂಗುತಿ,” ಎಂದು ಹಿಗ್ಗುವಳು. ಅವಳು ಕಾಯುತ್ತಿದ್ದುದು ಮಾತ್ರ ಬೇರೆಯದಕ್ಕೆ. ಅದು ನನಗೆ ಗೊತ್ತಿತ್ತು.

ಒಂದು ಸೋಮವಾರ ಬೆಳಿಗ್ಗೆ, ಅವಳು ಬರುವ ಮೊದಲು, ಮುಂದಿನ ಭಾಗದ ಮೇಲೆ ಕಣ್ಣಾಡಿಸಿದೆ. ಸರ ಮರುವರ್ಷ ಸಿಕ್ಕಿತ್ತು—ಕಾರಭಾರಿಯ ಪೆಟ್ಟಿಗೆಯಲ್ಲಿ. ನನ್ನ ಮುತ್ಯಾನ ಪೆಟ್ಟಿಗೆಯಲ್ಲಿ. ವಾಡೆಯ ಗುಟ್ಟೆಲ್ಲ ಮುತ್ಯಾನ ಕೈಯಲ್ಲಿದ್ದುದರಿಂದ ಜಹಗೀರದಾರ ದಂಪತಿ ಬಾಯಿ ಮುಚ್ಚಿಕೊಂಡರು. ಸಂಗವ್ವ ನಿರಪರಾಧಿಯೆಂಬ ಕೊರಗು ಬಾಯಿಸಾಹೇಬರನ್ನು ಕಡೆತನಕ ಬಿಡಲಿಲ್ಲವಂತೆ. ಮುತ್ಯಾನ ಹೆಸರು, ಮನೆತನ, ಎಲ್ಲ ಅಚ್ಚಾಗಿತ್ತು.

ಮಧ್ಯಾಹ್ನ ನೀಲಮ್ಮ ಬಂದು ಚಾಪೆಯ ಮೇಲೆ ಕೂತಳು. ಅವಳ ತಲೆಯ ಮೇಲೆ ಗೋಡೆಯಲ್ಲಿ ರುಮಾಲು ಸುತ್ತಿದ ಮುತ್ಯಾನ ಫೋಟೋ. ಓದುತ್ತ ಆ ಪುಟದ ಹತ್ತಿರ ಬಂದೆ. ಓದು ನಿಲ್ಲಿಸಿದೆ.

“ಯಾಕ ನಿಂತ್ರಿ, ಅಕ್ಕೋರ?”

“ಕನ್ನಡಕ ಮಸಕಾಗ್ಯಾದ,” ಎಂದೆ. ಒರೆಸಿದೆ. ಎರಡು ಹಾಳೆ ಒಟ್ಟಿಗೆ ತಿರುವಿದೆ. ಮುಂದಿನದು ಬೇಟೆಯ ಪ್ರಸಂಗ—ಗಟ್ಟಿ ದನಿಯಲ್ಲಿ ಓದಿದೆ. ಅವಳು ಕೇಳಿದಳು, ಆಮೇಲೆ ಮೆಲ್ಲಗೆ:

“ನಮ್ಮವ್ವಂದು ಏನರ ಬರದಾರೇನ್ರೀ?”

“ಏನೂ ಇಲ್ಲ, ಆಯಿ.”

ಆಗಲೂ ಹೇಳಬಹುದಿತ್ತು, ಅವಳು ಇನ್ನೂ ಅಲ್ಲೇ ಕೂತಿದ್ದಳು—

“ಇರ್ಲಿ ಬಿಡ್ರೀ. ಕಳ್ಳಿ ಅಂತ ಬರೀಲಿಲ್ಲಲ್ಲ. ಅಷ್ಟಾ ಸಾಕು. ದೊಡ್ಡ ಮಂದಿ,” ಎಂದಳು. ಹೊಸ್ತಿಲು ದಾಟಿ ಸೆರಗು ಕೊಡವಿದಳು. ನನ್ನ ಮುತ್ಯಾನ ಮನೆಯ ಹೊಸ್ತಿಲಲ್ಲಿ, ನನಗೆ ತೋರಿಸಿ. ನಾನು ನೋಡುತ್ತ ನಿಂತೆ.

ಮುಂದಿನ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ಕಮಲಾಪುರಕ್ಕೆ ಹೋಗಿದ್ದೆ, ಹೆಣದ ಕಾಲು ಮುಟ್ಟಿದೆ. ಕಟ್ಟೆಯ ಮೇಲೆ ಯಾರೋ ಪಿಸುಗುಟ್ಟಿದರು: “ಅದಾ, ಮುತ್ತಿನ ಸರದ ಸಂಗವ್ವನ ಮಗಳು.” ನನಗೆ ಕೇಳಿಸಿತು. ತುಟಿ ಬಿಚ್ಚದೆ ಬಸ್ಸು ಹತ್ತಿದೆ. ಮುತ್ಯಾ ಕದ್ದದ್ದು ಮುತ್ತು. ನಾನು ಕದ್ದದ್ದಕ್ಕೆ ಏನೆನ್ನಬೇಕೋ.

ಹೋದ ಸೋಮವಾರ ನೀಲಮ್ಮನ ಮೊಮ್ಮಗಳು ಶಿವಲೀಲಾ ಬಂದಿದ್ದಳು. ಇಲ್ಲೇ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಊರಿನ ಕೆಂಪು ಬಾಳೆಹಣ್ಣು ತಂದು ಮೇಜಿನ ಮೇಲಿಟ್ಟಳು. ಹೊರಟಾಗ ಹೊಸ್ತಿಲಾಚೆ ತಿರುಗಿ ನಿಂತು ಹೆಗಲ ಮೇಲಿನ ಓಢಣಿ ಬಿಡಿಸಿ ಕೊಡವಿದಳು.

“ಯಾಕವ್ವ ಅದು?”

“ರೂಢಿರೀ. ಆಯಿ ಕಲಿಸ್ಯಾಳ. ಡ್ಯೂಟಿ ಮುಗದ ಮ್ಯಾಲೆ ವಾರ್ಡಿನ ಬಾಗಿಲದಾಗೂ ಹಿಂಗಾ ಮಾಡ್ತೀನಿ. ಎಲ್ಲಾರೂ ನಗ್ತಾರ.”

“ಒಳಗ ಬಾ, ಶಿವಲೀಲಾ. ಕುರ್ಚಿ ಮ್ಯಾಲೆ ಕೂಡು.” ಕಪಾಟಿನಿಂದ ಪುಸ್ತಕ ತೆಗೆದೆ. ಓದಿದೆ—ಸಂಗವ್ವನ ಹೆಸರು, ಪೆಟ್ಟಿಗೆ, ನನ್ನ ಮುತ್ಯಾನ ಹೆಸರು. ಒಂದಕ್ಷರ ಬಿಡಲಿಲ್ಲ.

ಅವಳು ಪುಸ್ತಕ ತನ್ನ ಕಡೆ ತಿರುಗಿಸಿಕೊಂಡು ಆ ಸಾಲುಗಳನ್ನು ತಾನೇ ಓದಿದಳು.

“ನಮ್ಮ ಆಯಿಗೆ ಇದನ್ನ ಓದಿ ಹೇಳಿದ್ರೇನ್ರೀ?”

“ಇಲ್ಲ. ಕೇಳಿದ್ದಳು. ಇಲ್ಲಂದೆ.”

ಅವಳ ಕಣ್ಣು ತುಂಬಿತು. ನಾನು ಅಳಲಿಲ್ಲ, ಅಳುವ ಹಕ್ಕು ನನ್ನದಾಗಿರಲಿಲ್ಲ.

“ಬರೂ ಸೋಮವಾರ ಕಮಲಾಪುರಕ್ಕ ಬರ್ರಿ,” ಎಂದಳು. “ನಮ್ಮ ಓಣ್ಯಾಗ, ಎಲ್ಲಾರ ಮುಂದ, ಹಿಂಗಾ ಓದ್ರಿ. ನಿಮ್ಮ ಮುತ್ಯಾನ ಹೆಸರು ಬಿಡಬ್ಯಾಡ್ರಿ.”

“ಬರ್ತೀನಿ,” ಎಂದೆ.

ಅವಳು ಎದ್ದು ಹೊಸ್ತಿಲು ದಾಟಿದಳು. ನಾನು ಕಾದೆ. ಅವಳು ತಿರುಗಲಿಲ್ಲ. ಓಢಣಿಯನ್ನೂ ಕೊಡವಲಿಲ್ಲ, ಹೆಗಲ ಮೇಲೆ ಸರಿಯಾಗಿ ಎಳೆದುಕೊಂಡು, ನೆಟ್ಟಗೆ ನಡೆದು ಹೋದಳು.