ಎರಡು ವಿಸಿಲ್ ಅಂದರೆ ರೈಟ್

ಡ್ರಾಯರಿನ ಮೂಲೆಯಲ್ಲಿ ಸಿಕ್ಕ ಹಳೆಯ ಪೆನ್‌ಡ್ರೈವಿನ ಬಾಯಲ್ಲಿ ಇನ್ನೂ ಕುಂಕುಮ ಇತ್ತು. ಉಗುರಿನಿಂದ ಕೆರೆದೆ, ಬರಲಿಲ್ಲ. ಮೂಸಿದರೆ ಊದುಬತ್ತಿಯ ವಾಸನೆ ಬಂದಂತಾಯಿತು... ಬಂದಿರಲಾರದು.

ಆ ಕುಂಕುಮ ಮೆತ್ತಿದವರು ಹೊನ್ನಾಳಿಯಲ್ಲಿ ನಮ್ಮ ಪಕ್ಕದ ಮನೆಯವರು. ಚನ್ನಗಿರಿಯಿಂದ ಹೊನ್ನಾಳಿ ಮೇಲೆ ನ್ಯಾಮತಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ನಾನು ಮಾವ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅತ್ತೆ. ಸಂಬಂಧವೇನಿಲ್ಲ, ನಡುವೆ ಒಂದೇ ಗೋಡೆ. ಮಾವ ಸ್ಟ್ಯಾಂಡಿನಲ್ಲಿ ನಿಂತು ನ್ಯಾಮತಿ, ನ್ಯಾಮತಿ ಎಂದು ಕೂಗಿದರೆ ಸಾಸ್ವೆಹಳ್ಳಿಗೆ ಹೋಗಬೇಕಾದವರೂ ಹತ್ತಿಬಿಡುತ್ತಾರೆ ಎಂದು ಜನ ತಮಾಷೆ ಮಾಡುತ್ತಿದ್ದರು. ಆ ಗಂಟಲಲ್ಲೇ ಗಡ್ಡೆಯಾಯಿತು. ಆಪರೇಷನ್ನಿನಲ್ಲಿ ಜೀವ ಉಳಿಯಿತು, ಧ್ವನಿ ಹೋಯಿತು.

ಆಮೇಲೆ ಅವರ ಬಳಿ ಉಳಿದದ್ದು ವಿಸಿಲ್. ಒಂದು ಊದಿದರೆ ನಿಲ್ಲು, ಎರಡು ಊದಿದರೆ ರೈಟ್, ಹೊರಡು. ಅತ್ತೆ ಅನ್ನ ಬಡಿಸುವಾಗಲೂ ಇದೇ ಕಾನೂನು. ಆದರೆ ಸಂಸಾರ ಬರೀ ವಿಸಿಲ್ಲಿನಲ್ಲಿ ನಡೆಯುವುದಿಲ್ಲ. ಬರೆದು ತೋರಿಸೋಣವೆಂದರೆ ಅತ್ತೆಗೆ ಓದು ಬಾರದು. ಟಿಕೆಟ್ ಹರಿದು ಹರಿದು ದಪ್ಪಗಾದ ಹೆಬ್ಬೆರಳಿಗೆ ಮೊಬೈಲಿನ ಅಕ್ಷರ ಸಿಗುತ್ತಿರಲಿಲ್ಲ. ದಾವಣಗೆರೆಯಿಂದ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದರು. ಕಂಪ್ಯೂಟರ್ ಕ್ಲಾಸ್ ನಡೆಸುವ ನಾನು ಕನ್ನಡ ಟೈಪಿಂಗ್ ಕಲಿಸಿದೆ. ಅವರು ಟೈಪ್ ಮಾಡಬೇಕು, ಅದು ಓದಿ ಹೇಳಬೇಕು, ಅತ್ತೆ ಕೇಳಬೇಕು.

ಆ ಲ್ಯಾಪ್‌ಟಾಪಿಗೆ ಸಿಡಿ ಹಾಕುವ ಜಾಗವೇ ಇರಲಿಲ್ಲ. ಒಳಗಿನ ಡಿಸ್ಕಂತೂ ಒಂದು ಹಳೆ ಮೊಬೈಲಿನಷ್ಟು. ಮೊದಲೇ ಇದ್ದ ಆಪರೇಟಿಂಗ್ ಸಿಸ್ಟಂ ಅದರ ತುಂಬ ಕಾಲು ಚಾಚಿ ಮಲಗಿತ್ತು. ಮಾವ ‘ಚಾ’ ಎಂದು ಒತ್ತಿದರೆ, ಅದು ನುಡಿಯುವ ಹೊತ್ತಿಗೆ ಚಾ ಕುಡಿದು ಲೋಟ ತೊಳೆದಾಗಿರುತ್ತಿತ್ತು. ಸಿಟ್ಟಿನಲ್ಲಿ ಅದನ್ನು ಮುಚ್ಚಿಟ್ಟು ದಿನಗಟ್ಟಲೆ ಸುಮ್ಮನಿದ್ದುಬಿಡುತ್ತಿದ್ದರು. ಒಂದು ದಿನ ಅತ್ತೆ ನನ್ನನ್ನು ಕರೆದು, “ಮನ್ಯಾಗೆ ಮಾತೇ ಇಲ್ದಂಗೆ ಆಗೈತೆ ಕಣವ್ವ, ಏನಾರ ಮಾಡು” ಎಂದರು. ಹಳೇ ಸಿಸ್ಟಂ ತೆಗೆದು, ಕಡಿಮೆ ಜಾಗದಲ್ಲೂ ಓಡುವ ಲಿನಕ್ಸ್ ಎಂಬ ಸಿಸ್ಟಂ ಅನ್ನು ಪೆನ್‌ಡ್ರೈವಿನಿಂದ ಹಾಕೋಣ ಎಂದೆ.

ಹಾಕಲು ಕೂತರೆ ಪೆನ್‌ಡ್ರೈವ್ ಒಳಗೇ ಹೋಗಲಿಲ್ಲ. ಆಯುಧಪೂಜೆಗೆ ಮಾವ ಬಸ್ಸಿಗೆ ಮಾಡುವ ಹಾಗೆಯೇ ಲ್ಯಾಪ್‌ಟಾಪಿಗೂ ಮಾಡಿದ್ದರು. ಕೆಳಗೆ ನಿಂಬೆಹಣ್ಣು, ಮೇಲೆ ವಿಭೂತಿ. ಡೀಸೆಲ್ ಟ್ಯಾಂಕಿನ ಬಾಯಿಂದ ಹಿಡಿದು ಎಲ್ಲಕ್ಕೂ ಕುಂಕುಮ ಇಟ್ಟು ಅಭ್ಯಾಸವಾದ ಕೈ, ಇದರಲ್ಲಿ ಪೆನ್‌ಡ್ರೈವ್ ಹಾಕುವ ಎರಡು ಬಾಯಿಗೂ ಒದ್ದೆ ಕುಂಕುಮ ಮೆತ್ತಿತ್ತು. ಸೂಜಿಯಲ್ಲಿ ಕೆರೆದು ಕೆರೆದು ಒಂದನ್ನು ಬದುಕಿಸಿದೆ. ಇನ್ನೊಂದು ದೇವರ ಪಾಲು. ಇದ್ದ ಒಂದೇ ಬಾಯಿಗೆ ಪೆನ್‌ಡ್ರೈವ್ ಹಾಕಬೇಕಾದ್ದರಿಂದ ಮೌಸ್ ಬದಿಗಿಟ್ಟು, ಬರೀ ಕೀಲಿಗಳನ್ನೇ ಒತ್ತುತ್ತ ಮುಂದಕ್ಕೆ ಹೋದೆ.

ಪರದೆಯ ಮೇಲೆ ಪ್ರಶ್ನೆ ಬಂತು: ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಬೇಕೆ? ಹಳೆಯದು, ಹೊಸದು ಎರಡನ್ನೂ ಇಟ್ಟುಕೊಳ್ಳಲು ಜಾಗವಿಲ್ಲ. ಒಂದು ಇಳಿದ ಮೇಲೇ ಇನ್ನೊಂದು ಹತ್ತಬೇಕು. ಹೊಸದು ಕೂರದೇ ಹೋದರೆ ಇದ್ದ ತೊದಲು ಮಾತೂ ಹೋಯಿತು. ನನಗೆ ಹೆದರಿಕೆಯಾಯಿತು. “ಏನ್ಮಾಡ್ಲಿ ಮಾವ?” ಎಂದೆ. ಅವರು ಪರದೆ ನೋಡಲಿಲ್ಲ, ಅತ್ತೆಯ ಮುಖ ನೋಡಿದರು. ಜೇಬಿನಿಂದ ವಿಸಿಲ್ ತೆಗೆದು ಎರಡು ಸಲ ಊದಿದರು. ನನ್ನ ಕಿವಿ ಗುಂಯ್ ಎಂದಿತು. ಒತ್ತಿದೆ.

ಕೂತಿತು. ಬರೆದದ್ದನ್ನು ಓದುವ ತಂತ್ರಾಂಶವನ್ನೂ ಹಾಕಿದೆ. ಮಾವ ಕುಟ್ಟಿದ ಮೊದಲ ಮಾತು ಆ ಕ್ಷಣವೇ ಹೊರಬಿತ್ತು: “ಚಾ ಆತಾ?” ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. “ಯಾರ ಧ್ವನಿನೋ ಏನೋ, ತಗಡು ಬಡಿದಂಗೆ ಐತೆ” ಎಂದರು. ದಿನ ಕಳೆದಂತೆ ಆ ತಗಡಿಗೇ ಉತ್ತರ ಕೊಟ್ಟರು, ಅದರ ಜೊತೆಗೇ ಜಗಳವಾಡಿದರು. ಗೋಡೆಯ ಈಚೆ ನನಗೆಲ್ಲ ಕೇಳುತ್ತಿತ್ತು. ಮಾವ ಟೈಪ್ ಮಾಡಿದ್ದನ್ನು ಯಾವತ್ತೂ ಅಳಿಸುತ್ತಿರಲಿಲ್ಲ, ಕೆಳಗಿನ ಸಾಲಿಗೆ ಹೋಗುತ್ತಿದ್ದರು ಅಷ್ಟೇ.

ಗಡ್ಡೆ ಮತ್ತೆ ಬಂತು... ಅವರು ಹೋದ ದಿನ ನಾನು ಅಳಲಿಲ್ಲ. ಕುರ್ಚಿ ತಂದು ಹಾಕಿದೆ, ಬಂದವರಿಗೆ ನೀರು ಕೊಟ್ಟೆ, ದಾರಿಗಡ್ಡವಾಗಿದ್ದ ಚಪ್ಪಲಿಗಳನ್ನು ಸರಿಸಿದೆ. ಈಗಲೂ ದುಃಖ ಅನ್ನುವಂಥದ್ದೇನೂ ಬರುವುದಿಲ್ಲ. ಸಂಜೆ ಚಾದ ಹೊತ್ತಿಗೆ ಕಿವಿ ಗೋಡೆಯ ಕಡೆ ಹೋಗುತ್ತದೆ, ಸುಮ್ಮನೆ ವಾಪಸು ಬರುತ್ತದೆ.

ಮೊನ್ನೆ ಅತ್ತೆ ಲ್ಯಾಪ್‌ಟಾಪ್ ಬ್ಯಾಗ್ ತಂದು ನನ್ನ ಮೇಜಿನ ಮೇಲಿಟ್ಟರು. “ಜಗಳೂರಾಗೆ ನನ್ ತಂಗಿ ಮಗಳಿಗೆ ಓದಾಕೆ ಬೇಕಂತೆ. ಎಲ್ಲ ಅಳಿಸಿ ಹೊಸದಾಗಿ ಹಾಕ್ಕೊಡವ್ವ” ಎಂದರು. ನಾನು ಪೆನ್‌ಡ್ರೈವ್ ಹುಡುಕಿದ್ದು ಅದಕ್ಕೇ. ಬದುಕಿದ್ದ ಬಾಯಿಗೆ ಅದನ್ನು ಹಾಕಿದೆ. ಅದೇ ಪ್ರಶ್ನೆ ಬಂತು.

“ಅತ್ತೆ, ಮಾವ ಆಡಿದ ಮಾತೆಲ್ಲ ಇದ್ರಾಗೆ ಹಂಗೇ ಐತೆ ರೀ. ಒತ್ತಿದ್ರೆ ಹೋಗ್ತೈತೆ. ಒತ್ಲಾ?” ಎಂದು ಕೇಳಿದೆ. ಬೇಕಾದರೆ ಬೇರೆ ಕಡೆ ತೆಗೆದಿಡಬಹುದು ಎಂದೂ ಹೇಳಿದೆ. ಆ ಮಾತು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ.

ಬ್ಯಾಗನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಬ್ಯಾಗಿನ ಪಕ್ಕದ ಜೇಬಿಗೆ ಕೈ ಹಾಕಿ ವಿಸಿಲ್ ತೆಗೆದು ಸೆರಗಿನಲ್ಲಿ ಒರೆಸಿದರು. ಜೀವಮಾನದಲ್ಲಿ ಅದನ್ನು ಊದಿದವರಲ್ಲ. ಮೊದಲು ಬರೀ ಗಾಳಿ ಬಂತು, ಆಮೇಲೆ ಸಣ್ಣಗೆ ಒಂದು ಸದ್ದು. ನಾನು ಇನ್ನೊಂದಕ್ಕೆ ಕಾದೆ. ಅತ್ತೆ ವಿಸಿಲ್ಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಪೆನ್‌ಡ್ರೈವ್ ಎಳೆದು ತೆಗೆದೆ.